ಗಂಜಿ ಮುಚ್ಚಿದ ಬೆರಳು

ನಮ್ಮ ಓಣಿಯಲ್ಲಿ ಅಕ್ಕನಷ್ಟು ಸ್ವಚ್ಛವಾದ ಕೈ ಯಾರಿಗೂ ಇರಲಿಲ್ಲ. ಅವಳನ್ನು ಕೊಂದ ವಿಷ ಹೊಕ್ಕಿದ್ದು ಆ ಕೈಯಿಂದಲೇ. ಈ ಎರಡು ಮಾತನ್ನು ಒಟ್ಟಿಗೆ ಬರೆದಾಗ, ಯಾರೋ ನನಗೆ ತಪ್ಪು ಸುದ್ದಿ ಹೇಳಿದ್ದಾರೆ ಎಂದು ಇವತ್ತಿಗೂ ಅನಿಸುತ್ತದೆ.

ನಾವಿಬ್ಬರೂ ಹುನ್ನೂರಿನ ಅಕ್ಕತಂಗಿಯರು. ಬನಹಟ್ಟಿಯ ಒಂದೇ ನೇಕಾರರ ಮನೆಗೆ ಸೊಸೆಯರಾಗಿ ಬಂದೆವು. ಅಕ್ಕ ಹಿರಿಯ ಮಗನಿಗೆ, ನಾನು ಕಿರಿಯ ಮಗನಿಗೆ. ಗಂಡಸರು ಮಗ್ಗದಲ್ಲಿ ಕೂತರೆ, ನಾವು ರಾಟಿ ತಿರುಗಿಸಿ ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತುತ್ತಿದ್ದೆವು. ರೇಷ್ಮೆಯ ಎಳೆ ಉಗುರಿನ ಒರಟು ಅಂಚಿಗೆ ಸಿಕ್ಕರೆ ಹರಿದೇ ಹೋಗುತ್ತದೆ. ಆದರೆ ಅಕ್ಕನಿಗೆ ಹಿತ್ತಲಿನ ಹುಚ್ಚು. ಬಚ್ಚಲ ನೀರು ಹರಿಯುವ ಕಡೆ ಬದನೆ, ಮೆಂತೆ, ಮಲ್ಲಿಗೆ, ಮೂಲೆಯಲ್ಲಿ ಒಂದು ಲಿಂಬೆ ಗಿಡ. ಎರೆಮಣ್ಣು ಉಗುರಿನೊಳಗೆ ಕೂತರೆ ಬಿಡುವುದಿಲ್ಲ. ಹಾಗಾಗಿ ಅವಳು ಮಣ್ಣಿಗೆ ಇಳಿಯುವ ಮೊದಲು ಬಟ್ಟೆ ಸಾಬೂನಿನ ಮೇಲೆ ಹತ್ತೂ ಉಗುರನ್ನು ಗೀರುತ್ತಿದ್ದಳು. ಸಂದಿಯಲ್ಲಿ ಸಾಬೂನು ತುಂಬಿಕೊಂಡರೆ ಮಣ್ಣಿಗೆ ಜಾಗವಿರುವುದಿಲ್ಲ. ಕೆಲಸ ಮುಗಿದ ಮೇಲೆ ಒಲೆಯ ಬೂದಿ ಹಚ್ಚಿ ತಿಕ್ಕಿ ತೊಳೆದು, ಉಗುರಿನ ಅಂಚನ್ನು ಹೆಂಚಿನ ಚೂರಿಗೆ ಉಜ್ಜಿ ನುಣುಪು ಮಾಡಿ, ಕೈಗೆ ಕುಸುಬಿ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ಏನಬೇ ಅಕ್ಕಾ, ಮದಿವಿ ಹೆಣ್ಣಿನಂಗ ಕೈ ತಿಕ್ಕೋತ ಕುಂತಿ?" ಎಂದು ನಾನು ಕಾಡಿಸುತ್ತಿದ್ದೆ.

"ಮೊದ್ಲ ನಿನ್ನ ಉಗುರ ನೋಡ್ಕೋ. ಅದರಾಗ ಮೆಂತೆ ಉದುರಿಸಿದ್ರ ನಾಳೆ ಪಲ್ಯಾ ಮಾಡಬಹುದು."

ಅತ್ತೆ ಅವಳ ಕಡೆಯೇ. "ನೂಲ ಹಿಡಿಯೂ ಕೈ ಕೂಸಿನ ಗಲ್ಲದಂಗ ಇರಬೇಕು. ಅಕಿನ್ನ ನೋಡಿ ಕಲಿ."

ಆ ದಿನ ಅಕ್ಕ ಲಿಂಬೆ ಗಿಡದ ಬುಡಕ್ಕೆ ತಿಪ್ಪೆಗೊಬ್ಬರ ಹಾಕುತ್ತಿದ್ದಳು. ಬಿದ್ದ ಒಣ ಟೊಂಗೆಯೊಂದು ಗೊಬ್ಬರದಲ್ಲಿ ಹೂತಿತ್ತು. ಅದರ ಮುಳ್ಳು ತೋರುಬೆರಳಿನ ಉಗುರಿನ ಕೆಳಗೆ ಹೊಕ್ಕಿತು. ಅವಳು ಕೂಗಲೂ ಇಲ್ಲ. ಎಳೆದು ಬಿಸಾಕಿ, ಕೈ ತೊಳೆದುಕೊಂಡು ಒಳಗೆ ಬಂದಳು.

"ಭಾಳ ಚುಚ್ಚೇತೇನ?" ಎಂದೆ.

"ಏನಿಲ್ಲ ಬಿಡ. ಬಿಳಿ ನೂಲ ಐತಿ ಇವತ್ತ, ರಕ್ತದ ಕಲಿ ಬೀಳಬಾರದಷ್ಟ."

ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲಿಗೆ ಗಟ್ಟಿ ಬರಲೆಂದು ಹಚ್ಚುವ ಗಂಜಿ ಪಾತ್ರೆಯಲ್ಲಿತ್ತು. ಅವಳು ಬೆರಳನ್ನು ಅದರಲ್ಲಿ ಅದ್ದಿ, ಒಲೆಯ ಬಿಸಿಗೆ ಹಿಡಿದು ಒಣಗಿಸಿಕೊಂಡಳು. ನಮ್ಮ ಓಣಿಯಲ್ಲಿ ಬೆರಳು ಕೊಯ್ದರೆ ಎಲ್ಲರೂ ಮಾಡುತ್ತಿದ್ದುದು ಇದನ್ನೇ. ಗಂಜಿ ಗಾಯದ ಮೇಲೆ ಗಟ್ಟಿಯಾಗಿ ಕೂರುತ್ತದೆ, ರಕ್ತ ನಿಲ್ಲುತ್ತದೆ, ಎಳೆ ಸಿಕ್ಕುವುದಿಲ್ಲ. ಉದುರಿದರೆ ಮತ್ತೆ ಅದ್ದಿದರಾಯಿತು. ಅವಳು ರಾಟಿಗೆ ಕೂತಳು. ನಾವು ಅದನ್ನು ಮರೆತೆವು.

ವಾರ ಕಳೆದಿರಬೇಕು. ಊಟಕ್ಕೆ ಕೂತಾಗ ಅಕ್ಕ ರೊಟ್ಟಿಯನ್ನು ಕೆಳಗಿಟ್ಟಳು.

"ಯಾಕೋ ದವಡಿ ಹಿಡದೈತ್ರಿ ಅತ್ತಿ. ಅಗಿಯಾಕ ಬರವಲ್ದು."

"ಕಟಕ ರೊಟ್ಟಿ ಭಾಳ ತಿಂದಿ. ಹಾಲಾಗ ನೆನಸಿಕೊಂಡು ತಿನ್ನು," ಎಂದರು ಅತ್ತೆ.

"ಛಲೋ ಆತು, ಇನ್ನ ನನಗ ಬೈಯೂದು ಕಡಿಮಿ ಆಕ್ಕೈತಿ," ಎಂದೆ ನಾನು.

ಅಕ್ಕ ನಕ್ಕಳು. ನಾನು ನೆಲ ಒರೆಸಿ, ತಟ್ಟೆ ಎತ್ತಿಕೊಂಡು ತಿರುಗಿ ನೋಡಿದರೆ ಅವಳು ಇನ್ನೂ ನಗುತ್ತಿದ್ದಳು. ತುಟಿಗಳು ಎರಡೂ ಕಡೆ ಎಳೆದುಕೊಂಡು ಹಲ್ಲು ಕಾಣುತ್ತಿತ್ತು. ಕಣ್ಣಲ್ಲಿ ನೀರಿತ್ತು. ಅದು ನಗು ಅಲ್ಲ ಎಂದು ತಿಳಿದಾಗ ನನ್ನ ಕೈಯಿಂದ ತಟ್ಟೆ ಜಾರಿ ಬಿತ್ತು. ಆ ಸಪ್ಪಳಕ್ಕೆ ಅವಳ ಬೆನ್ನು ಬಿಲ್ಲಿನಂತೆ ಬಾಗಿತು.

ಒಳಗೆ ಮಗ್ಗ ನಡೆದಿತ್ತು. ಪ್ರತಿ ಬಡಿತಕ್ಕೂ ಅವಳ ಮೈ ಸೆಟೆಯುತ್ತಿತ್ತು. "ಮಗ್ಗ ನಿಲ್ಲಸ್ರಿ!" ಎಂದು ಕೂಗಿದೆ, ನನ್ನ ಕೂಗಿಗೂ ಸೆಟೆಯಿತು. ಆಮೇಲೆ ಯಾರೂ ಮಾತಾಡಲಿಲ್ಲ. ಯಾರದೋ ಜೀಪಿನಲ್ಲಿ ಅವಳನ್ನು ಮಲಗಿಸಿಕೊಂಡು ಜಮಖಂಡಿಯ ಆಸ್ಪತ್ರೆಗೆ ಹೋದೆವು.

ಡಾಕ್ಟರು ನೋಡಿದ ಕೂಡಲೇ ಕೇಳಿದರು, "ಗಾಯ ಎಲ್ಲೈತ್ರಿ?"

"ಗಾಯ ಇಲ್ರಿ ಸಾಹೇಬ್ರ," ಎಂದರು ಭಾವ.

"ಇರ್ತೈತಿ. ಹುಡುಕ್ರಿ."

ಕಾಲು ನೋಡಿದೆವು, ಹಿಮ್ಮಡಿ ನೋಡಿದೆವು. ಕೈಯನ್ನು ಯಾರೂ ಮುಟ್ಟಲಿಲ್ಲ, ಅಷ್ಟು ಸ್ವಚ್ಛವಾಗಿತ್ತು. ಡಾಕ್ಟರೇ ಒಂದೊಂದು ಬೆರಳು ಹಿಡಿದು ನೋಡುತ್ತ ಬಂದು, ತೋರುಬೆರಳಿನ ಬಳಿ ನಿಂತರು. ಉಗುರಿನ ತುದಿಯಲ್ಲಿ ಚರ್ಮದ್ದೇ ಬಣ್ಣದ ತೆಳು ಪೊರೆ. ಒದ್ದೆ ಹತ್ತಿಯಿಂದ ಅದನ್ನು ನೆನೆಸಿ ಎತ್ತಿದರು. ಒಳಗೆ ಮುರಿದು ಉಳಿದ ಮುಳ್ಳಿನ ಮೊನೆ, ಅದರ ಸುತ್ತ ಕಪ್ಪು ಮಣ್ಣು.

"ಇದೇನ ಹಚ್ಚೀರಿ ಮ್ಯಾಲೆ?"

"ಗಂಜಿರಿ," ಎಂದೆ.

ಅವರು ಹತ್ತಿಯನ್ನು ಬದಿಗಿಟ್ಟರು. "ಧನುರ್ವಾಯು. ಇದು ಗೊಬ್ಬರ, ಮಣ್ಣಿನ್ಯಾಗ ಇರ್ತದವ್ವ. ಗಾಳಿ ಹೊಗದ ಜಾಗಾ ಸಿಕ್ಕರ ಬೆಳೀತದ. ನೀವು ಒಳಗ ಬಿಟ್ಟು ಬಾಗಲಾ ಹಾಕಿದಂಗ ಆತು. ಚುಚ್ಚಿದ ದಿನ ತೊಳದು, ಮುಳ್ಳ ತಗದು, ಒಂದು ಸೂಜಿ ಮಾಡಿಸಿದ್ರ..."

ಅವಳನ್ನು ಕತ್ತಲೆಯ ಕೋಣೆಯಲ್ಲಿ ಇಟ್ಟರು. ಬೆಳಕು, ಸಪ್ಪಳ ಏನೂ ಆಗಬಾರದು. ನಾನು ಬಾಗಿಲ ಹೊರಗೆ ಬಳೆಗಳನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದೆ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಅಕ್ಕ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಮಾತಾಡಿಸಲು ಬಂದರು. ಏನಾಯಿತೆಂದು ಕೇಳಿದರು. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅಳುತ್ತಿದ್ದವರು ಅಳು ನಿಲ್ಲಿಸಿದರು. ಪಕ್ಕದ ಮನೆಯವಳು ಮೆಲ್ಲಗೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತಗಿ ಹೊರಗ," ಎಂದೆ.

ಅವಳ ಹೆಬ್ಬೆರಳಿನ ಮೇಲೆ ಗಂಜಿ. "ನಿನ್ನೆ ಗುಲಾಬಿ ಮುಳ್ಳ ಬಡೀತು. ಬರೇ ಸಣ್ಣದ ಐತಿ..." ಎಂದಳು. ಅವಳ ಹಿಂದೆ ಕೂತವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು, ಅದು ಬೇರೆ ಯಾರದೋ ಎಂಬಂತೆ.

ಸೂತಕದ ಮನೆಯಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲ. ಬಿಸಿನೀರು ತಂದು ನಡುಮನೆಯಲ್ಲಿಟ್ಟೆ. "ನೆನಸ್ರಿ. ತಿಕ್ಕಬ್ಯಾಡ್ರಿ, ತಾನ ಬಿಡ್ಲಿ. ನಾಳೆ ಮುಂಜಾನೆ ಬಸ್ಸಿಗೆ ಎಲ್ಲಾರೂ ಜಮಖಂಡಿಗೆ ನಡೀರಿ, ಸೂಜಿ ಮಾಡಿಸ್ಕೊಳ್ಳಾಕ."

ಒಬ್ಬೊಬ್ಬರಾಗಿ ಬಂದು ಕೈ ಅದ್ದಿದರು. ಗಂಜಿ ಹಚ್ಚಿದ ಬೆರಳುಗಳನ್ನು ಎಣಿಸುತ್ತ ಹೋಗಿ ನಡುವೆ ಲೆಕ್ಕ ತಪ್ಪಿದೆ. ಕೊನೆಗೆ ಗೋಡೆಗೆ ಒರಗಿದ್ದ ಅತ್ತೆ ಎದ್ದು ಬಂದು ನನ್ನ ಮುಂದೆ ಕೈ ಚಾಚಿದರು. ಅವರ ಕಿರುಬೆರಳನ್ನೂ ಗಂಜಿ ಮುಚ್ಚಿತ್ತು. ನಾನು ಅದನ್ನು ನೀರಿನೊಳಗೆ ಹಿಡಿದುಕೊಂಡೆ. ಪೊರೆ ಬಿಡಲು ಬಹಳ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನಾನೂ ಬಿಡಲಿಲ್ಲ.