ಮೂರು ಪಾರ್ಕು, ಒಂದು ಡಬ್ಬಿ ಮೊಸರನ್ನ

ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಬೆಳೆದವರು ನಾವು. ಆ ಎರಡು ಮೂರು ವರ್ಷ ಮಕ್ಕಳಾಗಿದ್ದವರಿಗೆಲ್ಲ ಮಾಸ್ಕಿನ ಒಳಗಿನ ವಾಸನೆ ನೆನಪಿರಬೇಕು. ಬೆಳಿಗ್ಗೆ ತಿಂದದ್ದರ ತೇಗು, ಬೆವರು, ಒದ್ದೆ ಬಟ್ಟೆ, ಎಲ್ಲ ಸೇರಿದ ಒಂದು ಕಮಟು. ಜಪಾನಿನಲ್ಲಿ ಬೆಳೆದೆ ಎಂದರೆ ಸಾಕು, "ಎಷ್ಟು ಚೆಂದದ ಬಾಲ್ಯ!" ಎಂದು ಜನ ಕಣ್ಣರಳಿಸುತ್ತಾರೆ. ಆ ಬೇಸಿಗೆ ನೆನೆದರೆ ನನಗೆ ಬರುವುದು ವಾಕರಿಕೆ.

ಆಗ ನನಗೆ ಹದಿನಾಲ್ಕು. ಅಪ್ಪನ ಕೆಲಸಕ್ಕಾಗಿ ನಾವು ಒಸಾಕಾಕ್ಕೆ ಬಂದು ಐದು ವರ್ಷವಾಗಿತ್ತು, ಜಪಾನೀ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ನಮ್ಮ ಕೆಳಗಿನ ಮಹಡಿಗೆ ಮೈಸೂರಿನಿಂದ ಹೊಸದಾಗಿ ಬಂದವಳು ಚಿನ್ಮಯಿ, ನನಗಿಂತ ಎರಡು ವರ್ಷ ಚಿಕ್ಕವಳು. ಬಂದ ಎರಡೇ ತಿಂಗಳಿಗೆ ಅವಳಪ್ಪ ಅಜ್ಜಿಯ ತಿಥಿಗೆಂದು ಊರಿಗೆ ಹೋದರು. ಅಷ್ಟರಲ್ಲಿ ಗಡಿ ಮುಚ್ಚಿತು, ಅವರು ಅಲ್ಲೇ ಉಳಿದರು. ಇಲ್ಲಿ ಅಮ್ಮ ಮಗಳು ಇಬ್ಬರೇ. ಶಾಲೆಯಲ್ಲಿ ಹೇಳಿದ್ದು ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಬರುತ್ತಿದ್ದದ್ದು ಎರಡೇ ಮಾತು, ಕ್ಷಮಿಸಿ ಎನ್ನಲು ಸುಮಿಮಾಸೆನ್, ಧನ್ಯವಾದ ಎನ್ನಲು ಅರಿಗಾತೋ. ಮಿಕ್ಕ ಇಡೀ ಜಪಾನು ಅವಳಿಗೆ ನನ್ನ ಬಾಯಿಂದಲೇ ತಲುಪಬೇಕಿತ್ತು.

ಎದುರು ಮನೆಯ ಸೋತಾ ನನ್ನ ತರಗತಿಯವನು. ಅವನ ಹಳೆಯ ಸ್ಕೇಟ್‌ಬೋರ್ಡ್ ಒಂದು ಚಿನ್ಮಯಿಯ ಕೈಸೇರಿತು. ನಾನು ವರ್ಷಗಟ್ಟಲೆ ಒದ್ದಾಡಿ ಕಲಿತದ್ದನ್ನು ಹುಡುಗಿ ಮೂರು ತಿಂಗಳಲ್ಲಿ ಕಲಿತಳು. ಬೋರ್ಡಿನ ಮೇಲೆ ನಿಂತಾಗ ಮಾತ್ರ ಅವಳ ಮುಖದಲ್ಲಿ ನಗು ಕಾಣುತ್ತಿತ್ತು. ಸೋತಾ ಪ್ರತಿ ಭಾನುವಾರ ಬೇರೆ ಬೇರೆ ಸ್ಕೇಟ್‌ಪಾರ್ಕ್ ಸುತ್ತುವವನು, ನಾನು ಅವನ ಜೊತೆ. ಆಗಸ್ಟಿನ ಒಂದು ಭಾನುವಾರ ಒಂದೇ ದಿನದಲ್ಲಿ ಮೂರು ಪಾರ್ಕ್ ನೋಡುವ ಯೋಜನೆ ಹಾಕಿ ಅವನು ಹೇಳಿದ, "ಚಿನ್ಮಯಿಯೂ ಬರಲಿ. ತೊಂದರೆ ಆಗದಿದ್ದರೆ ಮುಂದೆ ಪ್ರತಿ ವಾರ ಕರೆದುಕೊಂಡು ಹೋಗೋಣ." ಇದನ್ನು ಅವಳಿಗೆ ಹೇಳಿದಾಗ ಅವಳು ಮೂರು ಸಲ ಕೇಳಿದಳು, "ನಿಜವಾಗ್ಲೂ ಅಂದ್ನಾ ಅಕ್ಕಾ? ಪ್ರತಿ ವಾರನಾ?"

ಹೊರಡುವಾಗ ಅಮ್ಮ ನನ್ನ, ಚಿನ್ಮಯಿಯ ಇಬ್ಬರ ಪಾಲಿನ ಮೊಸರನ್ನವನ್ನು ಒಂದೇ ಡಬ್ಬಿಗೆ ತುಂಬಿ ನನ್ನ ಬ್ಯಾಗಿಗೆ ತುರುಕಿದರು. ಡಬ್ಬಿ ಎಂದರೆ ಮಿಸೋ ಎಂಬ ಸೋಯಾ ಪೇಸ್ಟು ಖಾಲಿಯಾದ ಮೇಲೆ ತೊಳೆದಿಟ್ಟ ಪ್ಲಾಸ್ಟಿಕ್ ಡಬ್ಬಿ. ಯಾವ ದೇಶಕ್ಕೆ ಹೋದರೂ ನಮ್ಮವರು ಡಬ್ಬಿ ಬಿಸಾಡುವುದಿಲ್ಲವಲ್ಲ.

"ಅಮ್ಮಾ, ಅದು ಬೇಡ. ಕೊಂಬಿನಿ ಅಂಗಡೀಲಿ ಏನಾದ್ರೂ ತಗೋತೀವಿ."

"ಕೊರೋನಾ ಟೈಮಲ್ಲಿ ಹೊರಗಿಂದು ತಿನ್ನೋದಾ? ಹಾಲು ಜಾಸ್ತಿ ಹಾಕಿ, ಒಂದೇ ಸ್ಪೂನ್ ಮೊಸರು ಹಾಕಿದೀನಿ. ಹನ್ನೆರಡು ಗಂಟೆಗೆ ಕರೆಕ್ಟಾಗಿ ಹೆಪ್ಪಾಗಿರುತ್ತೆ. ಮತ್ತೆ ಇಬ್ರೂ ಕೇಳಿ, ಯಾರು ಏನೇ ಅಂದ್ರೂ ಮೊದ್ಲು ತಲೆ ಬಗ್ಗಿಸಿ ಸುಮಿಮಾಸೆನ್ ಅನ್ಬೇಕು. ಮಿಕ್ಕಿದ್ದು ಆಮೇಲೆ."

ಅಮ್ಮನ ಲೆಕ್ಕವೇನೋ ಸರಿಯಿತ್ತು. ಆದರೆ ಮೊದಲ ಪಾರ್ಕಿನಲ್ಲಿ ಬೆಂಚುಗಳಿಗೆಲ್ಲ ಟೇಪು ಸುತ್ತಿ, ಊಟ ತಿಂಡಿ ನಿಷೇಧ ಎಂದು ಬೋರ್ಡು ಹಾಕಿದ್ದರು. ಅಲ್ಲಿಂದ ಹತ್ತಿದ ರೈಲಿನಲ್ಲಿ ಮಾಸ್ಕ್ ಇಳಿಸಿದರೆ ಜನ ಕಣ್ಣಲ್ಲೇ ಸುಡುತ್ತಿದ್ದರು. ಎರಡನೆಯದು ಹೈವೇ ಸೇತುವೆಯ ಕೆಳಗಿನ ಪಾರ್ಕು. ಅಲ್ಲಿ ನನಗೂ ಚಿನ್ಮಯಿಗೂ ಬಾಡಿಗೆ ಹೆಲ್ಮೆಟ್ ಕೊಟ್ಟರು. ಒಳಗಿನ ಸ್ಪಂಜು ಯಾರದೋ ಬೆವರಿನಿಂದ ಇನ್ನೂ ಬೆಚ್ಚಗಿತ್ತು, ಮೇಲೆ ಹೊಡೆದ ಸ್ಯಾನಿಟೈಸರ್ ಸೇರಿ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತುಟಿಗೆ ಬಂದದ್ದನ್ನು ತಿಳಿಯದೆ ನೆಕ್ಕಿದೆ. ಥೂ!

ಎರಡು ಗಂಟೆಗೆ ಆ ಪಾರ್ಕಿನ ಹೊರಗೆ ಡಬ್ಬಿ ತೆಗೆದೆ. ಮುಚ್ಚಳ ತಾನೇ ಎದ್ದು ಬಂತು. ಹುಳಿ ಎಂದರೆ ಸಾಲದು, ಅನ್ನ ನೊರೆ ಬಂದು ಬುಳಬುಳ ಎನ್ನುತ್ತಿತ್ತು, ಕರಿಬೇವು ಕಪ್ಪಗೆ ತೇಲುತ್ತಿತ್ತು. ಸೋತಾ ಎರಡು ಹೆಜ್ಜೆ ಹಿಂದೆ ಸರಿದು ಬಹಳ ವಿನಯದಿಂದ ಕೇಳಿದ, "ಅದು... ಹಾಗೇ ಇರುತ್ತದಾ?" ಅವನು ಮೂಗು ಮುಚ್ಚಿಕೊಂಡು ನಕ್ಕಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಡಬ್ಬಿಯನ್ನು ಒಂದು ಕವರಿನಲ್ಲಿ ಕಟ್ಟಿ ಮತ್ತೆ ಬ್ಯಾಗಿಗೆ ಹಾಕಿದೆ. ಎಸೆಯಲು ಇಡೀ ದಾರಿಯಲ್ಲಿ ಒಂದು ಕಸದ ತೊಟ್ಟಿ ಇಲ್ಲ. ಅವರವರ ಕಸ ಅವರವರ ಮನೆಗೆ, ಅದು ಅಲ್ಲಿಯ ಪದ್ಧತಿ. ಮೂರನೆಯ ಪಾರ್ಕಿಗೆ ಹೋಗುವ ರೈಲಿನಲ್ಲಿ ಆ ರಸ ಕವರಿನಿಂದ ಸೋರಿ ಬ್ಯಾಗು ದಾಟಿ ನನ್ನ ಬೆನ್ನಿಗೆ ಇಳಿಯಿತು.

ಮೂರನೆಯದು ಸಮುದ್ರದ ಪಕ್ಕದ ದೊಡ್ಡ ಪಾರ್ಕು. ಉಸ್ತುವಾರಿಗೆ ಓನೋ-ಸಾನ್ ಎಂಬ ಹಿರಿಯರಿದ್ದರು. ಹಣೆಗೆ ಥರ್ಮಾಮೀಟರ್ ಹಿಡಿದು, ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಅಲ್ಲಿದ್ದ ಎತ್ತರದ ರ‍್ಯಾಂಪಿನ ತುದಿಗೆ ಹೋಗಿ ನಾನು ಎರಡು ಸಲ ಹೆದರಿ ಇಳಿದುಬಂದೆ. ಚಿನ್ಮಯಿ ಹತ್ತಿದವಳು ಒಮ್ಮೆ ನನ್ನ ಕಡೆ ನೋಡಿ, ಬೋರ್ಡಿನ ಮೇಲೆ ಕಾಲೂರಿ ಸರ‍್ರನೆ ಇಳಿದುಬಿಟ್ಟಳು. ಸುತ್ತ ನಿಂತ ಹುಡುಗರೆಲ್ಲ ತಮ್ಮ ತಮ್ಮ ಬೋರ್ಡುಗಳನ್ನು ನೆಲಕ್ಕೆ ಟಕಟಕ ಬಡಿದರು. ಸ್ಕೇಟ್ ಮಾಡುವವರ ಚಪ್ಪಾಳೆ ಅದು. ಎಲ್ಲರಿಗಿಂತ ಜೋರಾಗಿ ಬಡಿದವನು ಸೋತಾ. ನನಗೆ ಆ ಚಪ್ಪಾಳೆ ಒಂದು ದಿನವೂ ಸಿಕ್ಕಿರಲಿಲ್ಲ.

ಹೊಟ್ಟೆಕಿಚ್ಚು ಒಂದು ಕಡೆ, ಬೆನ್ನಿಗಂಟಿದ ಹುಳಿನೀರು ಒಂದು ಕಡೆ. ಎಲ್ಲರ ಕಣ್ಣು ಅವಳ ಮೇಲಿದ್ದಾಗ ನಾನು ಪಾನೀಯ ಮಾರುವ ಯಂತ್ರದ ಹಿಂದೆ ಹೋದೆ. ಖಾಲಿ ಬಾಟಲಿಗೆಂದೇ ಇಟ್ಟಿದ್ದ ತೊಟ್ಟಿಯ ಮುಚ್ಚಳ ಎತ್ತಿ, ಮೊಸರನ್ನವನ್ನು ಡಬ್ಬಿ ಸಮೇತ ಒಳಗೆ ಹಾಕಿದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಓನೋ-ಸಾನ್ ಕೈಗವಸು ತೊಟ್ಟು ಆ ಕವರನ್ನು ಎತ್ತಿ ಹಿಡಿದುಕೊಂಡು ಬಂದರು. ಕವರಿನಿಂದ ಸಾಸಿವೆ, ಕರಿಬೇವು, ಅನ್ನದ ಅಗುಳು ಜಾರಿ ಕಾಂಕ್ರೀಟಿಗೆ ಬೀಳುತ್ತಿದ್ದವು. "ಇದು ಯಾರದು?" ಎಂದು ಮೆಲ್ಲಗೆ ಕೇಳಿದರು. ಇಡೀ ಪಾರ್ಕಿನಲ್ಲಿ ಕರಿಬೇವು ತಿನ್ನುವವರು ಇಬ್ಬರೇ. ಎಲ್ಲರ ಕಣ್ಣು ನಮ್ಮ ಮೇಲೆ. ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ, ಕಟ್ಟಿಯೇ ಇದ್ದ ಲೇಸನ್ನು.

ಚಿನ್ಮಯಿ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಸೊಂಟ ಬಗ್ಗಿಸಿ, "ಸುಮಿಮಾಸೆನ್" ಎಂದಳು.

ಓನೋ-ಸಾನ್ ಬೈಯಲಿಲ್ಲ. ನನ್ನ ಕಡೆ ತಿರುಗಿ, "ಒಪ್ಪಿಕೊಂಡದ್ದು ಒಳ್ಳೆಯದು. ಆದರೆ ಇಂಥ ಸಮಯದಲ್ಲಿ ಹೀಗೆ ಮಾಡಿದರೆ ನಾವು ಪಾರ್ಕನ್ನೇ ಮುಚ್ಚಬೇಕಾಗುತ್ತದೆ. ಇನ್ನು ಮುಂದೆ ಅವಳು ಇಲ್ಲಿಗೆ ಬರುವುದು ಬೇಡ. ದಯವಿಟ್ಟು ಅವಳಿಗೆ ತಿಳಿಸಿ" ಎಂದರು. ಸೋತಾ ತಲೆ ತಗ್ಗಿಸಿ ನನ್ನ ಕಿವಿಯಲ್ಲಿ ಹೇಳಿದ, "ಮುಂದಿನ ವಾರದಿಂದ ಅವಳನ್ನು ಕರೆಯುವುದು ಬೇಡ." ನಾನಾಗ ಒಂದು ಮಾತು ಆಡಿದ್ದರೆ ಸಾಕಿತ್ತು. ಜಪಾನೀ ಭಾಷೆಯಲ್ಲಿ 'ಅದು ನನ್ನದು' ಎನ್ನುವುದಕ್ಕೆ ಮಹಾ ಪಾಂಡಿತ್ಯವೇನೂ ಬೇಡ.

ಆ ಕವರನ್ನು ವಾಪಸ್ಸು ಹೊತ್ತವಳೂ ಅವಳೇ. ರೈಲಿನಲ್ಲಿ ಅವಳ ಪಕ್ಕದ ಹೆಂಗಸು ಎದ್ದು ದೂರ ಹೋಗಿ ನಿಂತರು. ಸೋತಾ ಬೇರೆ ಬೋಗಿಯಲ್ಲಿದ್ದ. ಚಿನ್ಮಯಿ ಕವರನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದಳು.

"ಬೈದ್ರಾ ಅಕ್ಕಾ?"

"ಇಲ್ಲ. ನೀನ್ಯಾಕೆ ಹೋಗಿ ಸುಮಿಮಾಸೆನ್ ಅಂದೆ?"

"ನೀನು ಸುಮ್ನೆ ಇದ್ದೆ. ಯಾರಾದ್ರೂ ಒಬ್ರು ಹೇಳ್ಬೇಕಿತ್ತಲ್ಲ, ಇಬ್ರ ಊಟ ತಾನೇ ಅದು. ಅವ್ರು ಏನಂದ್ರು ಮತ್ತೆ?"

"ಪರ್ವಾಗಿಲ್ಲ ಅಂದ್ರು. ಚೆನ್ನಾಗಿ ಸ್ಕೇಟ್ ಮಾಡ್ತಾಳೆ, ಮತ್ತೆ ಬರೋಕೆ ಹೇಳು ಅಂದ್ರು."

ಅವಳ ಮಾಸ್ಕಿನ ಮೇಲಿನ ಕಣ್ಣುಗಳು ನಕ್ಕವು. ಆ ಹುಳಿ ವಾಸನೆಯ ನಡುವೆ ಕೂತು ಅವಳು ಮನೆ ಬರುವವರೆಗೂ ಮುಂದಿನ ಭಾನುವಾರದ ಮಾತಾಡಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಬೋರ್ಡು ಹಿಡಿದು ನಮ್ಮ ಬಾಗಿಲಿಗೆ ಬಂದಾಗ, "ಕೊರೋನಾ ಜಾಸ್ತಿ ಆಯ್ತಂತೆ, ಪಾರ್ಕ್ ಎಲ್ಲ ಮುಚ್ಚಿದಾರೆ" ಎಂದೆ. ಆ ವರ್ಷ ಯಾವ ಸುಳ್ಳಿಗಾದರೂ ಆ ಒಂದು ಕಾರಣ ಸಾಕಿತ್ತು. ಅವಳು ಕೆಳಗಿಳಿದು ಹೋದ ಮೇಲೆ ನಾನು ಹಿಂದಿನ ಮೆಟ್ಟಿಲಿನಿಂದ ಇಳಿದು ಸೋತಾನ ಜೊತೆ ಅದೇ ಸಮುದ್ರದ ಪಾರ್ಕಿಗೆ ಹೋದೆ. ಆ ವಾರ ಮಾತ್ರವಲ್ಲ, ಮಳೆ ಬರದ ಎಲ್ಲ ಭಾನುವಾರವೂ ಅದೇ ಸುಳ್ಳು ಹೇಳಿ ಹೋದೆ. ನನ್ನಷ್ಟು ಹೇಸಿಗೆಯ ಇನ್ನೊಬ್ಬ ಹುಡುಗಿಯನ್ನು ನಾನು ಕಂಡಿಲ್ಲ.

ಮರುವರ್ಷ ಅವರು ಇಲ್ಲಿಯ ಮನೆ ಖಾಲಿ ಮಾಡಿ ಮೈಸೂರಿಗೇ ಹೊರಟರು. ಲಿಫ್ಟಿನ ಮುಂದೆ ಸೂಟ್‌ಕೇಸುಗಳ ನಡುವೆ ನಿಂತು ಚಿನ್ಮಯಿ ಹೇಳಿದಳು, "ಪಾರ್ಕ್ ತೆಗೆದ್ಮೇಲೆ ಆ ಅಂಕಲ್‌ಗೆ ನಾನು ಊರಿಗೆ ಹೋದೆ ಅಂತ ಹೇಳಿಬಿಡು ಅಕ್ಕಾ. ಪಾಪ, ಬರೋಕೆ ಹೇಳಿದ್ರಲ್ಲ, ಕಾಯ್ತಿರ್ತಾರೆ."

ಹೂಂ ಎಂದೆ.

ಆಮೇಲೆ ಮಾಸ್ಕ್ ಹೋಯಿತು, ಗಡಿ ತೆರೆಯಿತು, ಬೆಂಚುಗಳ ಟೇಪು ಬಿಚ್ಚಿದರು. ಸೋತಾನ ಸಹವಾಸ ತಾನಾಗಿಯೇ ಕಳಚಿಕೊಂಡಿತು, ಅದಕ್ಕೆ ನನಗೆ ಬೇಸರವಿಲ್ಲ. ಈಗ ನನ್ನ ಮಾತನ್ನು ಕೇಳುವವರು ಒಂದಕ್ಕೆ ಎರಡು ಸಲ ವಿಚಾರಿಸಿಯೇ ನಂಬುತ್ತಾರೆ, ಎಲ್ಲರೂ ಅಷ್ಟು ಜಾಣರಾಗಿದ್ದಾರೆ. ನಾನು ಹೇಳಿದ್ದೇ ಜಪಾನು ಎಂದು ನಂಬಿದ್ದವಳು ಒಬ್ಬಳಿದ್ದಳು. ಮೈಸೂರಿನಲ್ಲಿ ಎಲ್ಲೋ ಅವಳು ಇವತ್ತಿಗೂ, ಸಮುದ್ರದ ಪಕ್ಕದ ಪಾರ್ಕೊಂದರಲ್ಲಿ ತನ್ನನ್ನು ಮತ್ತೆ ಬಾ ಎಂದು ಕರೆದಿದ್ದರು ಎಂದುಕೊಂಡಿರಬೇಕು.