ತೆನ್ನೆಯೋ ತಿಣ್ಣೆಯೋ

ಬೆಳಗಿನಿಂದ ಪಕ್ಕದ ಮನೆಯ ಮುಂದೆ ಗಾರೆ ಅರೆಯುತ್ತಿದ್ದಾರೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆತಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಅರ್ಧ ಹಸಿವಾಗುತ್ತದೆ, ಅರ್ಧ ಸೀನು ಬರುತ್ತದೆ. ನನಗೆ ಮಾತ್ರ ಇವೆರಡರ ಜೊತೆಗೆ ನಾಚಿಕೆಯೂ ಆಗುತ್ತದೆ. ಪಕ್ಕದವರು ಕಟ್ಟಿಸುತ್ತಿರುವುದು ಜಗುಲಿ. ನಮ್ಮ ಬೀದಿಯಲ್ಲಿ ಸುಮಾರು ನಲವತ್ತು ವರ್ಷಗಳಿಂದ ಒಂದು ಮನೆಗೂ ಜಗುಲಿ ಇಲ್ಲ. ಯಾಕೆಂದು ಕೇಳಿದರೆ ಊರವರು "ಸರ್ಕಾರದ ಹುಕುಂ" ಎನ್ನುತ್ತಾರೆ. ಪಕ್ಕದವರು ಮಾತ್ರ ಈಗ ಅದನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ. ಆ ಹುಕುಂ ಸರ್ಕಾರದ್ದಲ್ಲ, ನನ್ನದು. ಕೂತುಕೊಳ್ಳಿ, ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನೂ ಐದಾರು ವರ್ಷವಿದ್ದ ಕಾಲ. ಮೇಲೆ ಬೆಟ್ಟದಲ್ಲಿ ಬಂಡೆ ಕೊರೆದು, ಪಡುವಣಕ್ಕೆ ಹರಿಯುವ ಹೊಳೆಯನ್ನೇ ನಮ್ಮ ಕಂಬಂ ಕಣಿವೆಗೆ ತಿರುಗಿಸುವ ಕೆಲಸ ನಡೆದಿತ್ತು. ಕೆಳಗೆ ನಮ್ಮೂರಿನಲ್ಲಿ ಬಾವಿಯ ರಾಟೆಗೆ ಎಣ್ಣೆ ಹಾಕಬೇಕಾದವರು ಯಾರು ಎಂಬುದೇ ತೀರ್ಮಾನವಾಗಿರಲಿಲ್ಲ. ಅದನ್ನು ತೀರ್ಮಾನಿಸಲು ಒಂದು ಪಂಚಾಯಿತಿ ಇತ್ತು. ಐದು ಜನ ಹಿರಿಯರು, ಅವರಲ್ಲಿ ಮೇಲಿನವರು ನಂಜಪ್ಪ ಮಾಮ, ಅವರೆಲ್ಲರ ಕೆಳಗೆ ಗುಮಾಸ್ತನಾಗಿ ನಾನು.

ನಾನು ದಿಂಡಿಗಲ್ಲಿನಲ್ಲಿ ಎರಡು ವರ್ಷ ಓದಿ ಬಂದವನು. ಬರುವಾಗ ಅಲ್ಲಿಂದ ಒಂದು ಒಳ್ಳೆಯ ಬೀಗವನ್ನೂ ತುಂಬಾ ಗರ್ವವನ್ನೂ ತಂದಿದ್ದೆ. ಬೀಗ ಹಾಕಲು ಪೆಟ್ಟಿಗೆ ಇರಲಿಲ್ಲ. ಗರ್ವಕ್ಕೆ ಹಾಕಲು ಬೀಗ ಸಾಲಲಿಲ್ಲ. ನಮ್ಮವರಿಗೆ ಮನೆಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು. ಮೇಲಿನ ಕಚೇರಿಯಿಂದ ಬಂದ ತಮಿಳು ಕಾಗದವನ್ನು ಓದಿ ಸಭೆಗೆ ಕನ್ನಡದಲ್ಲಿ ಹೇಳುವುದು, ಸಭೆಯ ಸುದ್ದಿಯನ್ನು ಬಾವಿಕಟ್ಟೆಯ ಹತ್ತಿರ ನಿಂತು ಊರಿಗೆ ಸಾರುವುದು ನನ್ನ ಕೆಲಸ. ಸಾರುವ ಹೊತ್ತಿಗೆ ನೀರು ಸೇದುವ ಹೆಂಗಸರು ಮುಖ ತಿರುಗಿಸಿ "ಅದು ಹಳೇ ಸುದ್ದಿ, ಕೆಂಚಮ್ಮ ಆಗ್ಲೇ ಯೋಳ್ದಳು" ಎನ್ನುತ್ತಿದ್ದರು.

ಕೆಂಚಮ್ಮ ನನ್ನ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ತಾನೇ ಎತ್ತು ಕಟ್ಟಿ ತೋಟ ಮಾಡಿ ನನ್ನನ್ನು ಸಾಕಿದವಳು. ನಾವಿಬ್ಬರೂ ಇದ್ದ ಮನೆಯ ಜಗುಲಿ ಬೀದಿಗೆಲ್ಲ ದೊಡ್ಡದು, ಬೇವಿನ ನೆರಳಿನಲ್ಲಿ ಸದಾ ತಣ್ಣಗೆ ಇರುವಂಥದ್ದು. ಆದ್ದರಿಂದ ಪಂಚಾಯಿತಿ ಅಲ್ಲೇ ಸೇರುತ್ತಿತ್ತು. ರಾಟೆಯ ಎಣ್ಣೆಯಿಂದ ಶುರುವಾದ ಮಾತು ಯಾರದೋ ಮಗಳ ಮದುವೆ, ಬೋಡಿ ಪೇಟೆಯಲ್ಲಿ ಏಲಕ್ಕಿ ಬೆಲೆ ಹೇಗಿದೆ ಎಂದೆಲ್ಲ ಸುತ್ತಿ, ಮಜ್ಜಿಗೆ ಬಂದಾಗ ನಿಂತು, ಮಜ್ಜಿಗೆ ಮುಗಿದಾಗ ಮತ್ತೆ ರಾಟೆಗೆ ಬರುತ್ತಿತ್ತು. ಹೀಗೆ ಏಳು ವರ್ಷ.

ಆಗ ಒಂದು ದಿನ ಊರು ನೋಡಲು ಮೇಲಿನ ಅಧಿಕಾರಿ ಬಂದ. ನಂಜಪ್ಪ ಮಾಮನ ಮನೆಯ ಮುಂದೆ ಬೀದಿಗೆ ಬಾಗಿದ್ದ ತೆಂಗಿನ ಮರದಿಂದ ಒಂದು ಕಾಯಿ ಅವನ ಗಾಡಿಯ ಪಕ್ಕಕ್ಕೇ ಬಿತ್ತು. ಅಧಿಕಾರಿ ಗಾಡಿ ಹತ್ತಿ ಹೋದ. ವಾರದೊಳಗೆ ಕಾಗದ ಬಂತು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: ಬೀದಿಗೆ ಚಾಚಿರುವ ತಿಣ್ಣೆಗಳನ್ನೆಲ್ಲ ಹದಿನೈದು ದಿನದೊಳಗೆ ತೆಗೆದುಹಾಕತಕ್ಕದ್ದು. ನಮ್ಮ ಕಡೆ ಜಗುಲಿಗೆ ತಿಣ್ಣೆ ಎನ್ನುತ್ತಾರೆ.

ಸಭೆ ಬೆಚ್ಚಿತು. ತಾವು ಕೂತಿದ್ದ ಕಲ್ಲನ್ನು ಐದೂ ಜನ ಕೈಯಿಂದ ಮುಟ್ಟಿ ನೋಡಿಕೊಂಡರು.

"ಏನ್ ತಂಬಿ ಇದು? ತಿಣ್ಣೆ ಏನ್ ತಪ್ಪು ಮಾಡ್ತು? ಕಣ್ಬಿಟ್ಟು ನಲ್ಲಾ ನೋಡಿ ಓದ್ದಿಯಾ?" ಎಂದರು ನಂಜಪ್ಪ ಮಾಮ.

"ದಿಂಡಿಗಲ್‌ನಾಗೆ ಓದ್ದವ್ನು ಮಾಮಾ ನಾನು" ಎಂದೆ. ಆ ಉತ್ತರಕ್ಕೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಧಿಕಾರಿಯ ಮುಂದೆ ಹೋಗಿ ಅಳುವವರು ಯಾರು, ಮನವಿ ಬರೆಯುವವರು ಯಾರು ಎಂದು ಮಾತು ಎದ್ದಾಗ ಅತ್ತೆ ಬಾಗಿಲಿಗೆ ಬಂದಳು. "ಅಣ್ಣಾ, ಸರ್ಕಾರ ಯೋಳ್ದ ಮ್ಯಾಲೆ ಯೋಚ್ನೆ ಯಾಕೆ? ಮೊದ್ಲು ನಮ್ ತಿಣ್ಣೇನೇ ಹೋಗ್ಲಿ. ಎಲ್ಲಾರೂ ಏಳಿ. ತಂಬಿ, ಹಾರೆ ತಗಂಬಾ."

ಹಿರಿಯರು ಎದ್ದು ನಿಲ್ಲುವುದರೊಳಗೆ ಮೊದಲ ಕಲ್ಲು ಅಲುಗಿತ್ತು. ಊರೆಲ್ಲ ಅವಳನ್ನು ಹೊಗಳಿತು. ಒಬ್ಬ ಹೆಂಗಸು ಇಷ್ಟು ತ್ಯಾಗ ಮಾಡಿರುವಾಗ ಗಂಡಸರು ಹಿಂಜರಿಯುವುದು ಹೇಗೆ? ಹದಿನೈದು ದಿನಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಬೀದಿಯುದ್ದಕ್ಕೂ ಜಗುಲಿಗಳು ಕಲ್ಲಿನ ರಾಶಿಯಾದವು. ಪಂಚಾಯಿತಿಯವರು ನಡುಬೀದಿಯ ಬಿಸಿಲಲ್ಲಿ ಒಂಟಿ ಕಾಲ ಮೇಲೆ ನಿಂತು ಸಭೆ ಮುಗಿಸಿ ಮನೆಗೆ ಓಡುತ್ತಿದ್ದರು.

ಹುಕುಂ ಪಾಲಿಸಿದ್ದೇವೆ ಎಂದು ಉತ್ತರ ಬರೆಯಲು ಕೂತಾಗ ಕಾಗದವನ್ನು ಮತ್ತೊಮ್ಮೆ ಓದಿದೆ. ಗೀಚಕ್ಷರ. ಕಣ್ಣಿಗೆ ಹತ್ತಿರ ಹಿಡಿದೆ, ಬಿಸಿಲಿಗೆ ಹಿಡಿದೆ. ತಿಣ್ಣೆ ಅಲ್ಲ, ತೆನ್ನೆ. ತಮಿಳಿನಲ್ಲಿ ತೆನ್ನೆ ಎಂದರೆ ತೆಂಗಿನ ಮರ. ಇಡೀ ಊರಿನಲ್ಲಿ ಬೀದಿಗೆ ಚಾಚಿದ್ದ ತೆಂಗು ಒಂದೇ ಒಂದು, ಅದೇ ಕಾಯಿ ಉದುರಿಸಿದ್ದು. ಇಷ್ಟು ಹೊಳೆಯದ ನಾನು ದಿಂಡಿಗಲ್ಲಿನಲ್ಲಿ ಓದಿದವನು!

ಕಾಗದ ಹಿಡಿದು ಬೀದಿಗೆ ಬಂದೆ. ಎದುರು ಮನೆಯ ಬಾಗಿಲೊಳಗೆ ದಾಸಪ್ಪ ತಾತ ಮಂಚದ ಮೇಲೆ ಕೂತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇಡೀ ದಿನ ತಮ್ಮ ಜಗುಲಿಯ ಮೇಲೆ ಕೂತು ಹೆಜ್ಜೆಯ ಸದ್ದಿನಿಂದಲೇ ಜನರ ಗುರುತು ಹಿಡಿದು ಕರೆದು ಮಾತಾಡಿಸುವವರು. ಈಗ ಒಳಗೆ ಸೇರಿದ್ದರು. ನನ್ನ ಸದ್ದು ಕೇಳಿ, "ಯಾರದು? ಈಗೀಗ ಬೀದೀಲಿ ಯಾರೂ ನಡಿಯಾದೇ ಇಲ್ವಾ?" ಎಂದರು. ನೇರ ಅತ್ತೆಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ.

ಅತ್ತೆ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಬೈಗುಳ ಕಾಯುತ್ತಿದ್ದರೆ ಅವಳು ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಏಳು ವರ್ಸ ತಂಬಿ! ಏಳು ವರ್ಸ ಐದು ಗಂಡಸ್ರು ನನ್ ತಲೆ ಮ್ಯಾಲೆ ಕೂತಂಗೆ ಕೂತು ರಾಟೆ ಎಣ್ಣೆ ಮಾತಾಡಿದ್ರು. ಎಮ್ಮೆ ಕೊಟ್ಟಿದ್ದೆಲ್ಲ ಅವರ ಮಜ್ಜಿಗೆಗೇ ಹೋಯ್ತು. ಎದ್ದೋಗಿ ಅನ್ನಕೆ ಬಾಯಿ ಬರ್ಲಿಲ್ಲ. ಆ ಸಾಮಿನೇ ನಿನ್ ಕಣ್ಣಿಗೆ ಮಬ್ಬು ಹಾಕಿ ಹುಕುಂ ಕಳ್ಸಿದ."

"ಊರಿಗೆ ಯೋಳ್ಬೇಕಲ್ಲ ಅತ್ತೆ?"

"ಯೋಳುದ್ರೆ ನಾಳೇನೇ ತಿಣ್ಣೆ ಕಟ್ಟಿಕೊಡ್ತಾರೆ ನಂಗೆ. ಬಾಯ್ಮುಚ್ಚು."

"ದಾಸಪ್ಪ ತಾತ ಒಳಗೆ ಬಿದ್ದವ್ರೆ."

ಅತ್ತೆಯ ನಗು ನಿಂತಿತು. ಮೊರವನ್ನು ಎರಡು ಸಲ ಸುಮ್ಮನೆ ತಟ್ಟಿದಳು. "ಅದು ಪಾಪವೇ. ಬೀದಿ ತುಂಬಾ ಕಲ್ಲು ಬಿದ್ದದೆ. ಬಾವಿ ಪಕ್ಕ ಒಂದು ಚಾವಡಿ ಕಟ್ಟಿ. ಕೂರೋರೆಲ್ಲ ಅಲ್ಲಿ ಕೂರ್ಲಿ, ತಾತಾನೂ ಕೂರ್ಲಿ. ನನ್ ಬಾಗ್ಲು ಬಿಡ್ಲಿ."

ತೆಂಗಿನ ಮರದ ವಿಷಯ ಉಳಿದಿತ್ತು. ನಾನು ನಂಜಪ್ಪ ಮಾಮನ ಮುಂದೆ ನಿಂತು ಎರಡನೆಯ ಹುಕುಂ ಬಂದಿದೆ ಎಂದು ಸುಳ್ಳು ಹೇಳಿದೆ. ಮಾಮ ತಲೆ ಮೇಲೆ ಕೈಯಿಟ್ಟುಕೊಂಡರು. "ಮೊದ್ಲು ತಿಣ್ಣೆ ಅಂದ್ರು, ಈಗ ತೆನ್ನೆ ಅಂತಾರೆ, ನಾಳೆ ಬೆಣ್ಣೆ ಅಂತಾರೆ! ನಮ್ಮಪ್ಪ ನೆಟ್ಟ ಮರ ಕಣೋ!" ಮರ ಬಿತ್ತು. ಮುಂದಿನ ತಿಂಗಳು ಅಧಿಕಾರಿ ಬಂದು, ಮೇಲೆ ನೋಡಿ, ಆಕಾಶ ಕಂಡು, ಸಂತೋಷದಿಂದ ತಲೆಯಾಡಿಸಿ ಹೋದ. ಜಗುಲಿಗಳಿದ್ದ ಜಾಗವನ್ನು ಅವನು ನೋಡಲೂ ಇಲ್ಲ.

ಚಾವಡಿಯ ಮಾತನ್ನು ಸಭೆಯಲ್ಲಿ ನಾನೇ ಎತ್ತಿದೆ. ನಿಂತೇ ಇದ್ದವರಾದ್ದರಿಂದ ಕ್ಷಣದಲ್ಲಿ ಒಪ್ಪಿದರು. ಮನೆಮನೆಯವರೂ ತಮ್ಮ ಜಗುಲಿಯ ಕಲ್ಲು ತಾವೇ ಹೊತ್ತು ತಂದರು. "ಇದು ನಮ್ಮ ಕಲ್ಲು, ಇದನ್ನ ಮುಂದಕ್ಕೆ ಹಾಕಿ" ಎಂದು ಜಗಳವಾಡಿದರು. ಸುಣ್ಣಕ್ಕೆ ಬೆಲ್ಲ ಅತ್ತೆಯದು. ಬೆಳಗ್ಗೆ ಹಾರೆ ಹಿಡಿದವರಲ್ಲಿ ಮೊದಲಿಗನೂ ಸಂಜೆ ಬಿಟ್ಟವರಲ್ಲಿ ಕೊನೆಯವನೂ ನಾನೇ. ಓದಿದ ಹುಡುಗನಿಗೆ ಊರ ಮೇಲೆ ಎಷ್ಟು ಪ್ರೀತಿ ಎಂದು ಜನ ಮೆಚ್ಚಿದರು. ನಾನು ಕಲ್ಲು ಹೊತ್ತೆ.

ದಾಸಪ್ಪ ತಾತನನ್ನು ಕೈಹಿಡಿದು ತಂದು ಚಾವಡಿಯಲ್ಲಿ ಕೂರಿಸಿದ ದಿನ ಅವರು ತುಸು ಹೊತ್ತು ಕಿವಿಗೊಟ್ಟು ಕೇಳಿ, "ಈ ರಾಟೆ ಯಾಕಿಂಗೆ ಅಳ್ತದೆ? ಎಣ್ಣೆ ತನ್ನಿ, ದಿನಾ ನಾನೇ ಹಾಕ್ತೀನಿ" ಎಂದರು. ಏಳು ವರ್ಷದ ವಿಷಯ ಅಲ್ಲಿಗೆ ಮುಗಿಯಿತು. ಆ ದಿನದ ಸುದ್ದಿಯನ್ನು ಬಾವಿಕಟ್ಟೆಯಲ್ಲಿ ನಾನು ಸಾರುವಾಗ ಹೆಂಗಸರು ಮೊದಲ ಸಲ ಕೊಡ ಕೆಳಗಿಟ್ಟು ಕೇಳಿದರು.

ಅತ್ತೆ ಹೋದಳು, ತಾತ, ಮಾಮ ಎಲ್ಲರೂ ಹೋದರು. ಗುಟ್ಟು ಉಳಿಯಿತು. ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಗಾರೆಯ ವಾಸನೆ ಇನ್ನು ತಡೆಯಲಾರದೆ ಚಾವಡಿಗೆ ಹೋದೆ. ಪಂಚಾಯಿತಿ ಸೇರಿತ್ತು. ಈಗ ಅದರ ಹಿರಿಯ ನಂಜಪ್ಪ ಮಾಮನ ಮೊಮ್ಮಗ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೊಮ್ಮಗ ನನ್ನ ಕಡೆ ತಿರುಗಿದ.

"ತಾತಾ, ತಿಣ್ಣೆ ಹೋಗಿದ್ದು ನ್ಯಾಯ, ನಮ್ ಮರ ಕಡಿದಿದ್ದು ಅನ್ಯಾಯ ಅಂತ ನಮ್ಮಪ್ಪ ಸಾಯಗಂಟ ಯೋಳ್ತಿದ್ರು."

"ಇಲ್ಲಪ್ಪ. ಎಲ್ಲಾದ್ರಾಗೂ ನ್ಯಾಯವಾಗಿ ಬಿದ್ದಿದ್ದು ನಿಮ್ ಮರ ಒಂದೇ."

ಮೊದಲು ಅವನ ಮೀಸೆ ಅಲುಗಿತು, ಆಮೇಲೆ ಚಾವಡಿಯೇ ನಕ್ಕಿತು. ಅವನು ಸರಿದು ತನ್ನ ಪಕ್ಕದ ಕಲ್ಲನ್ನು ಮೇಲ್ವಸ್ತ್ರದಿಂದ ಒರೆಸಿದ. ಇಷ್ಟು ವರ್ಷ ಅಲ್ಲಿಗೆ ಹೋದಾಗಲೆಲ್ಲ ನಾನು ಕಂಬಕ್ಕೆ ಒರಗಿ ನಿಂತೇ ಬರುತ್ತಿದ್ದೆ. ಇವತ್ತು ಕೂತೆ.