ಚಿಕ್ಕವ್ವ ಕೇಳಿದ ಮನೆ

ನಿನ್ನೆ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಮೊಮ್ಮಗಳು ಎದುರಿಗೆ ಕೂತು ತನ್ನ ಸಂಶೋಧನೆಯ ಫಾರಂ ಓದಿದಳು. ‘ಬಾಲ್ಯದಲ್ಲಿ ನಿಮ್ಮನ್ನು ಹೊಡೆದವರು ಯಾರು? ತಂದೆ, ತಾಯಿ, ಮಲತಾಯಿ, ಸಂಬಂಧಿಕರು, ಇತರರು.’ ನನಗೆ ನಗು ತಡೆಯಲಾಗಲಿಲ್ಲ. ಬೆರಳಲ್ಲಿ ಅದೇ ಸೊಗಡು, ಎದುರಿಗೆ ಅದೇ ಪ್ರಶ್ನೆ! (ಸೊಗಡಿಲ್ಲದ್ದನ್ನೂ ಅವರೆ ಎನ್ನುವವರ ಜೊತೆ ನನಗೆ ಮಾತಿಲ್ಲ, ಅದು ಬೇರೆ ವಿಷಯ.) ಕೇಳಿ, ಈ ಪರೀಕ್ಷೆಗೆ ನಾನು ಕೂತದ್ದು ಇದು ಎರಡನೇ ಸಲ.

ಮೊದಲನೆಯದು ಅರವತ್ತರ ದಶಕದಲ್ಲಿ, ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಪಕ್ಕದ ನಮ್ಮ ಹಳ್ಳಿಯಲ್ಲಿ. ನನಗಾಗ ಒಂಬತ್ತು. ಮೈಸೂರಿನಿಂದ ಕನ್ನಡಕದ ಮೇಡಂ ಒಬ್ಬರು ಬಂದು, ನಮ್ಮ ಜಗಲಿಯ ಮೇಲೆ ಚೌಕಾಬಾರದಂತೆ ಮನೆ ಮನೆ ಗೆರೆ ಎಳೆದ ಕಾಗದ ಹರಡಿ, “ನಿನ್ನನ್ನ ಯಾರು ಹೊಡೀತಾರೆ ಮಗು?” ಎಂದರು. ಶಾಲೆಯಲ್ಲಿ ಯಾವ ಪ್ರಶ್ನೆಗೂ ಕೈಯೆತ್ತದ ನಾನು, ಉತ್ತರ ಗೊತ್ತಿದ್ದ ಖುಷಿಗೆ “ಚಿಕ್ಕವ್ವ!” ಎಂದು ಕಿರುಚಿದೆ.

ನಮ್ಮ ಕಡೆ ಅವ್ವನ ತಂಗಿಯೂ ಚಿಕ್ಕವ್ವ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕವ್ವ. ನನ್ನವಳು ಎರಡೂ. ಅವ್ವ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ಅವಳ ತಂಗಿಯನ್ನೇ ಅಪ್ಪ ಮದುವೆಯಾದ. ನಾನು ನಾಲೆಗೆ ಹಾರಿದ ದಿನವೆಲ್ಲ ಚಿಕ್ಕವ್ವ ಹುಣಸೆ ಬರಲಿನಿಂದ ಬಾರಿಸುತ್ತಿದ್ದಳು. ಆಮೇಲೆ ಬಾಸುಂಡೆಗೆ ಹರಳೆಣ್ಣೆ ಸವರುತ್ತಿದ್ದವಳೂ ಅವಳೇ. ಬಿಟ್ಟೆನೇ? ಮಾರನೇ ದಿನ ಮತ್ತೆ ನಾಲೆ.

ಮೇಡಂ ಏನೇನೋ ವಿಚಾರಿಸಿ ಒಂದು ಮನೆಗೆ ಗುರುತು ಹಾಕಿದರು. ಪಕ್ಕದಲ್ಲೇ ಅವರೆ ಸುಲಿಯುತ್ತಿದ್ದ ಚಿಕ್ಕವ್ವನಿಗೆ ಓದು ಬಾರದು.

“ಏನಂತ ಬರ್ಕಂಡ್ರಿ?” ಎಂದಳು.

“ಮಲತಾಯಿ ಅಂತ.”

ಚಿಕ್ಕವ್ವನ ಮೊರದಿಂದ ಕಾಳು ಚೆಲ್ಲಿತು. ಆ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

“ಒಡ್ಯೋದು ದಿಟ ಕಣ್ರವ್ವ, ಇಲ್ಲ ಅನ್ನಕಿಲ್ಲ. ಒಡ್ದೋಳು ಅಂತ ಬೇಕಾದ್ರೆ ನಾಕು ಸಲ ಬರ್ಕಳಿ. ಆ ಮನೇಗೆ ಮಾತ್ರ ನನ್ನ ಆಕ್‌ಬ್ಯಾಡಿ. ತಾಯಿ ಮನೇಗೆ ಆಕಿ.”

ಮೇಡಂ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ದೊಡ್ಡ ಜಡ್ಜಿನಂತೆ ತಲೆಯಾಡಿಸಿದೆ. ಅವರು ಹಳೆಯ ಗುರುತನ್ನು ಗೀಚಿ, ತಾಯಿಗೆ ಗುರುತು ಹಾಕಿದರು. ಚಿಕ್ಕವ್ವ ಹಿಗ್ಗಿ ಹೀರೇಕಾಯಿಯಾಗಿ ಅವರ ಚೀಲದ ತುಂಬ ಅವರೆಕಾಯಿ ಸುರಿದಳು.

ಅವತ್ತು ಸಂಜೆಯೂ ನಾನು ನಾಲೆಯಿಂದ ತೊಯ್ದು ಬಂದೆ. ಎತ್ತಿಕೊಂಡ ಬರಲನ್ನು ಚಿಕ್ಕವ್ವ ಒಲೆಗೆ ತುರುಕಿದಳು.

“ಬುಡು ಅತ್ಲಾಗೆ. ತಾಯಿ ಅಂತ ಬರ್ಸ್ಕಂಡಿವ್ನಿ, ಒಡ್ಯಕೆ ಕೈ ಬರಕಿಲ್ಲ.”

ಆಮೇಲೆ ಬೈದಳು, ಧಾರಾಳವಾಗಿ ಬೈದಳು. ಹೊಡೆಯಲಿಲ್ಲ.

“ಅಜ್ಜಿ, ಯಾವುದಕ್ಕೆ ಟಿಕ್ ಹಾಕಲಿ?” ಮೊಮ್ಮಗಳು ಎರಡನೇ ಸಲ ಕೇಳಿದಳು.

“ಅವ್ವ ಅಂತ ಹಾಕು” ಎಂದೆ. ಚಿಕ್ಕವ್ವ ಬದುಕಿದ್ದಷ್ಟು ದಿನವೂ ನಾನು ಅವಳನ್ನು ಚಿಕ್ಕವ್ವ ಎಂದೇ ಕರೆದೆ. ಅವ್ವ ಎಂದದ್ದು ನಿನ್ನೆಯೇ ಮೊದಲು.